ಹೊಂಗೆ ಮರದ ಮೊಳೆಗಳು

ಗೇಟಿನ ಚಿಲಕಕ್ಕೆ ಕೈ ಹಾಕುವ ಮುಂಚೆ ನನ್ನ ಬಲಗೈ ತಾನಾಗಿ ಜಡೆಗೆ ಹೋಗುತ್ತದೆ. ಮುಡಿದ ಹೂವನ್ನು ಬಿಚ್ಚಿ, ಗೇಟಿನ ಸರಳಿಗೆ ಸಿಕ್ಕಿಸಿ, ಆಮೇಲೇ ಒಳಗೆ ಕಾಲಿಡುವುದು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದು ಹತ್ತೊಂಬತ್ತು ವರ್ಷವಾದರೂ ಈ ಚಾಳಿ ಹೋಗಿಲ್ಲ. ನಮ್ಮ ಬೀದಿಯ ಮೇಕೆಗಳಿಗೆ ಈ ವಿಷಯ ಚೆನ್ನಾಗಿ ಗೊತ್ತು. ನಾನು ಯಾವುದಾದರೂ ಮದುವೆಗೆ ಹೋದ ದಿನ ಸಂಜೆಯ ಹೊತ್ತಿಗೆ ಅವು ನಮ್ಮ ಗೇಟಿನ ಹತ್ತಿರವೇ ಸುಳಿದಾಡುತ್ತಿರುತ್ತವೆ.

"ನಮ್ಮನೇಲಿ ಹುಳ ಇಲ್ಲ ಕಣೇ, ಹೂ ಮುಡ್ಕೊಂಡೇ ಒಳಗೆ ಬಾ" ಎಂದು ನನ್ನ ಗಂಡ ಹತ್ತೊಂಬತ್ತು ವರ್ಷದಿಂದ ಒಂದೇ ತಮಾಷೆ ಮಾಡುತ್ತಿದ್ದಾರೆ. ಮೊದಲ ಸಲ ನಕ್ಕಿದ್ದೆ.

ಹುಳ ಎಂದರೆ ರೇಷ್ಮೆ ಹುಳ. ನನ್ನ ತವರು ಹನೂರಿನಿಂದ ಮುಂದೆ, ಮಾದಪ್ಪನ ಬೆಟ್ಟದ ದಾರಿಯ ಅಜ್ಜೀಪುರದಲ್ಲಿ. ನಮ್ಮಪ್ಪ ಅಲ್ಲಿ ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತಾನೆ. ಸಾಕುತ್ತಾನೆ ಅನ್ನುವುದು ಜನ ಆಡುವ ಮಾತು. ನಾನು ಕಂಡಂತೆ ಹುಳುಗಳೇ ನಮ್ಮನ್ನು ಸಾಕಿದ್ದು. ನಾವು ಯಾವಾಗ ಏಳಬೇಕು, ಏನು ಉಣ್ಣಬೇಕು, ಯಾರ ಮನೆಗೆ ಹೋಗಬಾರದು ಎಂಬುದನ್ನೆಲ್ಲ ಅವೇ ತೀರ್ಮಾನ ಮಾಡುತ್ತಿದ್ದವು.

ಹುಳಕ್ಕೆ ವಾಸನೆ ಆಗದು. ಊದುಬತ್ತಿ, ಸೊಳ್ಳೆಬತ್ತಿ, ಬೀಡಿ, ಪೌಡರು, ಸೆಂಟು ಯಾವುದೂ ಕೂಡದು. ನಾಲ್ಕನೇ ಕ್ಲಾಸಿನಲ್ಲಿ ಗೆಳತಿಯೊಬ್ಬಳು ಪ್ರೀತಿಯಿಂದ ಕೊಟ್ಟ ಘಮಘಮಿಸುವ ರಬ್ಬರನ್ನು ಅಪ್ಪ ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ತಿಪ್ಪೆಗೆ ಎಸೆದಿದ್ದ. ಬೀಡಿ ಸೇದುವ ಸೋದರಮಾವ ಬಂದರೆ ರಸ್ತೆಯಾಚೆಯ ಮೋರಿಕಟ್ಟೆಯ ಮೇಲೆ ಕೂತು ಅಲ್ಲಿಂದಲೇ ಕೂಗಿ ಕೂಗಿ ಅವ್ವನ ಕ್ಷೇಮ ಸಮಾಚಾರ ಕೇಳಿಕೊಂಡು ಬಸ್ ಹತ್ತುತ್ತಿದ್ದ. ದೇವರ ಗೂಡಿನಲ್ಲಿದ್ದ ಮಾದಪ್ಪನಿಗೂ ಹುಳ ಗೂಡು ಕಟ್ಟುವವರೆಗೆ ಬರೀ ವಿಭೂತಿ, ದೀಪ. ಪೇಟೆಯ ಹೂವಂತೂ ಬೇಡವೇ ಬೇಡ. ಹೂವಿನ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ಅದರ ಗಾಳಿ ಸೋಕಿದರೂ ಹುಳ ಹಸಿರು ಕಕ್ಕಿ ಸಾಯುತ್ತದೆ ಎಂಬುದು ಅಪ್ಪನ ಭಯ.

ಅದಕ್ಕೇ ನಮ್ಮ ಗೇಟಿನ ಪಕ್ಕದ ಹೊಂಗೆ ಮರಕ್ಕೆ ಮೊಳೆಗಳು. ಹೊರಗಿನಿಂದ ಬಂದ ಹೆಂಗಸರು ಹೂವನ್ನು ಅಲ್ಲಿ ನೇತು ಹಾಕಿ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಅದ್ದಿ ಒಳಗೆ ಬರಬೇಕು. ಮೊದಲು ಒಂದೇ ಮೊಳೆ ಇತ್ತಂತೆ, ಅಜ್ಜಿಯದು. ಹೊಸದಾಗಿ ಬಂದ ಅವ್ವ ತನ್ನ ಮಲ್ಲಿಗೆಯನ್ನೂ ಅದಕ್ಕೇ ತೂಗುಹಾಕಿದಳು. ಅತ್ತೆಯ ಕನಕಾಂಬರ ಕೆಳಗೆ ಬಿದ್ದು ಮಣ್ಣಾಯಿತು. ಮೂರು ದಿನ ಅತ್ತೆ ಸೊಸೆ ಮಾತು ಬಿಟ್ಟರು. ನಾಲ್ಕನೇ ದಿನ ಅಪ್ಪ ಇನ್ನೊಂದು ಮೊಳೆ ಹೊಡೆದು, ಒಬ್ಬರ ಮೊಳೆಗೆ ಇನ್ನೊಬ್ಬರು ಕೈ ಹಾಕಕೂಡದು ಎಂದು ಕಾನೂನು ಮಾಡಿದ. ನನಗೆ ಎಂಟು ತುಂಬಿ ಎರಡು ಜಡೆಗೂ ಹೂ ಬೇಕೆಂದು ಹಟ ಮಾಡುವ ವಯಸ್ಸಾದಾಗ ನನಗೂ ಒಂದು ಬಂತು. ಅಜ್ಜಿ ತೀರಿಕೊಂಡ ಮೇಲೆ ಅವಳ ಮೊಳೆಯನ್ನು ಮರ ಮೆಲ್ಲಗೆ ನುಂಗಿಕೊಂಡಿತು. ಮೊದಲು ತೊಗಟೆ ಉಬ್ಬಿತು, ಆಮೇಲೆ ಮೊಳೆಯ ತಲೆ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ.

ಒಗ್ಗರಣೆಯ ಕತೆ ಹೇಳಬೇಕು. ಹುಳ ದೊಡ್ಡದಾಗುವ ಕೊನೆಯ ಎರಡು ವಾರ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್. ಒಂದು ಬೆಳೆ ಮುಗಿಯುವ ಹೊತ್ತಿಗೆ ಇನ್ನೊಂದು ಬೆಳೆಯ ಮರಿ ಬಂದಿರುತ್ತಿತ್ತು, ಹಾಗಾಗಿ ವರ್ಷದಲ್ಲಿ ಅರ್ಧ ಕಾಲ ನಾವು ಸಪ್ಪೆ ಸಾರು ಉಂಡೇ ಬೆಳೆದವರು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಹೊಸತರಲ್ಲಿ ನಾನು ಒಂದು ತಿಂಗಳು ಒಗ್ಗರಣೆ ಇಲ್ಲದ ಸಾರು ಮಾಡಿದೆ. ಅತ್ತೆ ಪಾಪ ಮೂವತ್ತು ದಿನ ಉಂಡು, ಮೂವತ್ತೊಂದನೇ ದಿನ "ನಿಮ್ಮ ಕಡೆ ಸಾಸಿವೆ ಸಿಗಲ್ವೇನಮ್ಮ?" ಎಂದು ಕೇಳಿದರು. ನಾಚಿಕೆಯಿಂದ ಸತ್ತೆ. ತವರಿಗೆ ಫೋನ್ ಮಾಡಿ ಕೂಗಾಡಿದರೆ ಅಪ್ಪ ಎಲ್ಲ ಕೇಳಿಸಿಕೊಂಡು, "ಮೆಲ್ಗೆ ಮಾತಾಡವ್ವ, ಉಳ ಜ್ವರುಕ್ಕೆ ಕೂತವೆ" ಅಂದ.

ಗಾಬರಿಯಾಗಬೇಡಿ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ತುದಿಗಾಲಲ್ಲಿ ನಡೆಯಬೇಕು. ನನಗೆ ಜ್ವರ ಬಂದರೆ ಮಾತ್ರ, "ಎದ್ದು ಎಲ್ಡು ಒರೆ ಸೊಪ್ಪು ಕುಯ್ಯಿ, ಬೆವರು ಬಂದ್ರೆ ಸರಿಯಾಯ್ತದೆ" ಎನ್ನುತ್ತಿದ್ದರು.

ಇನ್ನು ಹುಳ ಹಣ್ಣಾಗುವ ದಿನ. ಮೇವು ಸಾಕೆಂದು ಹುಳ ಗೂಡು ಕಟ್ಟಲು ತಯಾರಾಗುವುದೇ ಹಣ್ಣಾಗುವುದು. ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾಗುತ್ತದೆ. ಆಗ ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಎಲ್ಲೆಂದರಲ್ಲಿ ಎಳೆ ಬಿಟ್ಟು ಹಾಳು ಮಾಡುತ್ತವೆ, ಅಷ್ಟು ದಿನ ಪಟ್ಟ ಪಾಡು ಮಣ್ಣುಪಾಲು. ಆ ದಿನ ಮನೆಗೆ ಯಾರು ಬಂದರೂ ಯಾರು ಹೋದರೂ ಒಬ್ಬರೂ ತಲೆ ಎತ್ತುವುದಿಲ್ಲ.

ನನ್ನ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನವೇ ಅವು ಹಣ್ಣಾದವು. ಬಾಗಿಲಲ್ಲಿ ನಿಂತು "ಅಪ್ಪ, ಪರೀಕ್ಷೆಗೆ ಹೋಗ್ತೀನಿ" ಅಂದೆ. ಆಶೀರ್ವಾದ ಬೇಕಿತ್ತು. "ಊಂ. ಆ ಚಂದ್ರಿಕೆ ಇತ್ಲಾಗ್ ಎತ್ಕೊಟ್ಬುಟ್ಟು ಓಗು" ಅಂದ. ಎತ್ತಿಕೊಟ್ಟು ಹೋದೆ. ಹನೂರಿನ ಪರೀಕ್ಷಾ ಕೊಠಡಿಯಲ್ಲಿ ಎರಡನೇ ಲೆಕ್ಕ ಮಾಡುತ್ತಿರುವಾಗ ನನ್ನ ಕಾಲರಿನಿಂದ ಒಂದು ಹಣ್ಣುಹುಳ ಇಳಿದು ಉತ್ತರಪತ್ರಿಕೆಯ ಮೇಲೆ ನಡೆದಾಡಿತು. ಮೇಲ್ವಿಚಾರಣೆಗೆ ಬಂದಿದ್ದ ಮೇಡಂ ಕಿಟಾರನೆ ಕಿರುಚಿದವರು ಆಮೇಲೆ ನನ್ನ ಬೆಂಚಿನ ಹತ್ತಿರ ಸುಳಿಯಲೇ ಇಲ್ಲ. ಅದರ ಲಾಭವೆಲ್ಲ ಹಿಂದೆ ಕೂತವಳಿಗೆ ಆಯಿತು.

ಅವತ್ತಿನಿಂದ ನನ್ನದು ಒಂದೇ ತಕರಾರು. ಈ ಮನೆಯಲ್ಲಿ ಹುಳ ಮೊದಲೋ, ನಾನು ಮೊದಲೋ? ನನ್ನ ಮಗಳು ಹುಟ್ಟಿದಾಗ ಅಪ್ಪ ಬಂದದ್ದು ಒಂಬತ್ತನೇ ದಿನಕ್ಕೆ, ಹುಳವೆಲ್ಲ ಗೂಡು ಕಟ್ಟಿದ ಮೇಲೆ. ಬಂದವನು ಮೊಮ್ಮಗಳನ್ನು ಎತ್ತಿಕೊಂಡು ಮೂಸಿ ನೋಡಿ, "ಏನವ್ವ, ಇಷ್ಟೊಂದ್ ಪೌಡ್ರು ಮೆತ್ತಿದ್ದೀಯೆ!" ಎಂದು ಕೂಸನ್ನು ಮಾರು ದೂರ ಹಿಡಿದುಕೊಂಡ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವನಿಗೆ ಗೊತ್ತೂ ಆಗಲಿಲ್ಲ.

ಈಗ ನನ್ನ ತಮ್ಮ ಮಾದೇಶನ ವಿಷಯಕ್ಕೆ ಬರುತ್ತೇನೆ, ನನ್ನ ತಲೆಗೂದಲು ಬೆಳ್ಳಗಾದದ್ದು ಅಲ್ಲಿಯೇ. ಅಪ್ಪನ ಜೊತೆ ಹುಳ ಸಾಕುವವನು ಅವನೇ. ಮೂವತ್ತನಾಲ್ಕು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಹುಡುಗ ಒಳ್ಳೆಯವನು, ಭೂಮಿ ಇದೆ, ನೀರಿದೆ ಎಂದೆಲ್ಲ ಒಪ್ಪಿಕೊಂಡು ಕೊನೆಗೆ ಹುಳ ಎಂದ ತಕ್ಷಣ ಜಾರಿಕೊಳ್ಳುತ್ತಿದ್ದರು. ಮುಳ್ಳೂರಿನವರಂತೂ ಮಾತು ಮುಗಿಸಿ ಎಲೆ ಅಡಿಕೆ ಬದಲಾಯಿಸುವ ಹೊತ್ತಿಗೆ, "ನಮ್ಮ ಹುಡುಗಿ ಹುಳ ಕಂಡರೆ ಹೆದರಿಕೊಳ್ಳುತ್ತಾಳೆ" ಎಂದು ತಟ್ಟೆಯನ್ನು ವಾಪಸ್ ತಳ್ಳಿದರು. ಅವತ್ತು ಮಾದೇಶ ಹೋಗಿ ಇಡೀ ತೋಟಕ್ಕೆ ನೀರು ಕಟ್ಟಿ ಬಂದ. ಇನ್ನೊಂದು ಸಲ ಹೀಗಾದರೆ ಹೆಣ್ಣು ನೋಡುವುದನ್ನೇ ಬಿಡುತ್ತೇನೆ ಎಂದು ನನಗೊಬ್ಬಳಿಗೇ ಹೇಳಿದ್ದ. ಹೇಳಿದರೆ ಹೇಳಿದಂತೆ ಮಾಡುವ ವಂಶ ನಮ್ಮದು.

ಹೋದ ವರ್ಷ ನಮ್ಮ ಹಿಂದಿನ ಬೀದಿಯ ಪುಟ್ಟತಾಯಮ್ಮ ತಮ್ಮ ಅಣ್ಣನ ಮಗಳು ಸವಿತಾಳ ಸುದ್ದಿ ತಂದರು. ಯಳಂದೂರಿನ ಹುಡುಗಿ, ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದಳು. ಹುಡುಗಿ ನೋಡುವ ಶಾಸ್ತ್ರ ಮುಗಿದು ಇಬ್ಬರೂ ಒಪ್ಪಿದ್ದರು. ಇನ್ನು ಅವರು ಬಂದು ಹುಡುಗನ ಮನೆ ನೋಡಬೇಕಿತ್ತು. ಈ ಸಲ ನಾನು ಹುಷಾರಾಗಿ ಒಂದು ಸುಳ್ಳು ಹೇಳಿದ್ದೆ. ಹುಳದ ಕೆಲಸಕ್ಕೆಲ್ಲ ಆಳುಗಳಿದ್ದಾರೆ, ಸೊಸೆಯಾಗಿ ಬರುವವಳು ಒಂದು ಹುಳವನ್ನೂ ಮುಟ್ಟುವ ಹಾಗಿಲ್ಲ ಎಂದು.

ದಿನ ಗೊತ್ತು ಮಾಡುವ ಮುಂಚೆ ಅಪ್ಪನನ್ನು ಮೂರು ಸಲ ಕೇಳಿದೆ. "ಬಾನ್ವಾರ ಏನೂ ತೊಂದ್ರೆ ಇಲ್ಲ ಕಣ್ ಕೂಸೆ. ಹಣ್ಣಾಗಾದು ಮಂಗ್ಳಾರ. ಬರೇಳು" ಎಂದು ಮೂರು ಸಲವೂ ಹೇಳಿದ. ಆ ವಾರ ಸುಡುಸುಡುವ ಬಿಸಿಲು, ಬಿಸಿಲು ಹೆಚ್ಚಾದರೆ ಹುಳ ಬೇಗ ಹಣ್ಣಾಗುತ್ತವೆ. ಭಾನುವಾರ ಬೆಳಿಗ್ಗೆ ಯಳಂದೂರಿನವರ ಕಾರು ಕೊಳ್ಳೇಗಾಲಕ್ಕೆ ಬಂದು, ಪುಟ್ಟತಾಯಮ್ಮ ಹತ್ತಿ, ನಾನೂ ಹತ್ತಿ ಬಾಗಿಲು ಹಾಕಿಕೊಳ್ಳುವಾಗ ಮಾದೇಶನ ಫೋನು.

"ಅಕ್ಕಾ, ಹಣ್ಣಾಗ್ಬುಟ್ವು."

"ಎಷ್ಟು?"

"ಎಲ್ಲಾ."

ಕಾರಿನಲ್ಲಿ ಹುಡುಗಿಯ ಅಪ್ಪ ಮುಂದೆ, ನಾವು ಮೂವರು ಹೆಂಗಸರು ಹಿಂದೆ. ಮನೆ ನೋಡಲು ಸಾಮಾನ್ಯವಾಗಿ ಹುಡುಗಿ ಬರುವುದಿಲ್ಲ. ಇವಳು ನಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ನಾನು ಫೋನಿಗೆ ಕೈ ಅಡ್ಡ ಇಟ್ಟುಕೊಂಡು, "ಸ್ನಾನ ಮಾಡಿ ಬಿಳಿ ಶರ್ಟ್ ಹಾಕ್ಕೊ. ಹುಳದ ಮನೆ ಬಾಗಿಲು ಮುಚ್ಚು. ಊರಲ್ಲಿ ಯಾರನ್ನಾದ್ರೂ ಕೂಲಿಗೆ ಕರೆದು ಒಳಗೆ ಕೂರಿಸು" ಎಂದು ಪಿಸುಗುಟ್ಟಿದೆ.

"ಆಳೆಲ್ಲವ್ರೆ? ಎಲ್ಲಾ ಮದ್ವೆಗ್ ಓದ್ರು. ನಾವೇ ಆಯ್ತಿದ್ದೀವಿ" ಎಂದು ಅವನು ಫೋನಿಟ್ಟ.

ಪುಟ್ಟತಾಯಮ್ಮ ಜಡೆ ತುಂಬ ಮಲ್ಲಿಗೆ ಮುಡಿದಿದ್ದರು. ಪೌಡರಿನ ಘಮ ಕಾರಿನ ತುಂಬ. ಅಜ್ಜೀಪುರ ಬರುವವರೆಗೆ ನಾನು ಅದೇ ಸುಳ್ಳನ್ನು ನಾಲ್ಕು ಬಗೆಯಲ್ಲಿ ಹೇಳಿದೆ. ಸವಿತಾ ನನ್ನನ್ನೇ ನೋಡುತ್ತಿದ್ದಳು.

ಗೇಟಿನಲ್ಲಿ ನಮ್ಮಪ್ಪ ಬಕೆಟ್ ಹಿಡಿದು ನಿಂತಿದ್ದ. ಬೀಗರಾಗುವವರಿಗೆ ಕೈಕಾಲು ತೊಳೆಯಲು ನೀರು ಕೊಡುವುದು ನಮ್ಮಲ್ಲಿ ಮರ್ಯಾದೆ. ಆದರೆ ಇದು ಬ್ಲೀಚಿಂಗ್ ನೀರು. ಹುಡುಗಿಯ ಅಪ್ಪ ಅದನ್ನೇ ಮುಖಕ್ಕೆ ಹಾಕಿಕೊಳ್ಳಲು ಹೋದರು, ನಾನು ಓಡಿಹೋಗಿ ಕೈ ಹಿಡಿದೆ. ಅಷ್ಟರಲ್ಲಿ ಅಪ್ಪ ಪುಟ್ಟತಾಯಮ್ಮನ ಜಡೆ ನೋಡಿ, "ತಾಯಿ, ಆ ಊವ ಒಸಿ ತಗ್ದು ಮರುಕ್ಕೆ ಸಿಕ್ಸ್ಬುಟ್ಟು ಒಳೀಕ್ ಬನ್ನಿ" ಅಂದುಬಿಟ್ಟ.

ಶುಭಕಾರ್ಯಕ್ಕೆ ಬಂದ ಮುತ್ತೈದೆಗೆ ಹೂ ತೆಗಿ ಅನ್ನುವುದೇ? ಪುಟ್ಟತಾಯಮ್ಮನ ಮುಖ ಕಪ್ಪಿಟ್ಟಿತು. "ನನ್ ಗಂಡ ಗಟ್ಟಿಯಾಗವ್ರೆ ಕಣ್ರಿ! ಊವ ತೆಗ್ಯಕ್ಕೆ ನಾನೇನು..." ಎಂದವರು ಮುಂದಿನ ಮಾತು ನುಂಗಿಕೊಂಡು ಅಣ್ಣನ ಕಡೆ ತಿರುಗಿದರು. "ನಡಿಯಣ್ಣ, ಓಗವ. ಹೊಸ್ಲು ದಾಟೋಕ್ ಮುಂಚೆಯೇ ಅಪಶಕುನ."

ನಾನು ಅಪ್ಪನಿಗೆ ಅಡ್ಡ ನಿಂತೆ. "ಅಪ್ಪ! ಇವತ್ತೊಂದು ದಿನ ಬಿಡಬಾರದಾ? ಮಗನ ಮದುವೆಗಿಂತ ಹುಳ ಹೆಚ್ಚಾ ನಿನಗೆ?"

"ಇವತ್ತೇ ಕಣವ್ವ ಬುಡಕ್ಕಾಗ್ದಿರಾದು" ಅಂದ, ನನಗೇ ಬುದ್ಧಿ ಇಲ್ಲ ಅನ್ನುವ ಹಾಗೆ.

"ಹಾಗಾದರೆ ಹುಳಕ್ಕೇ ಮದುವೆ ಮಾಡ್ಕೋ. ಇನ್ನು ಈ ಮನೆಗೆ ನಾನು ಕಾಲಿಟ್ಟರೆ ಕೇಳು" ಎಂದು ಯಳಂದೂರಿನವರ ಎದುರಿಗೇ ಕಿರುಚಿದೆ. ಕಿರುಚಾಟ ಕೇಳಿ ಮಾದೇಶ ಹುಳದ ಮನೆಯಿಂದ ಹೊರಗೆ ಬಂದ. ಬಿಳಿ ಶರ್ಟು ಎಲ್ಲಿಂದ ಬರಬೇಕು? ಹರಿದ ಬನಿಯನ್ನು, ಮಡಚಿ ಕಟ್ಟಿದ ಲುಂಗಿ, ತೋಳಿನ ಮೇಲೆ ಎರಡು ಹುಳ.

ಸವಿತಾ ಮೊದಲ ಸಲ ಬಾಯಿ ಬಿಟ್ಟಳು. "ಆಳುಗಳೆಲ್ಲಿ?"

ಮಾದೇಶ ನನ್ನನ್ನು ನೋಡಿದ, ನೆಲ ನೋಡಿದ. "ಆಳೂ ಇಲ್ಲ ಗೀಳೂ ಇಲ್ಲ ಕಣ್ರಿ. ನಾನು, ಅಪ್ಪ, ಅವ್ವ. ಬರೋರೂ ಮಾಡ್ಬೇಕಾಯ್ತದೆ. ಅಕ್ಕ ನನ್ ಮ್ಯಾಲಿನ ಆಸೆಗೆ ಏಳವ್ಳೆ, ಬೇಜಾರ್ ಮಾಡ್ಕಬೇಡಿ." ಇಷ್ಟು ಹೇಳಿ ವಾಪಸ್ ಹೊರಟ. ಮುಳ್ಳೂರಿನವರು ಹೋದ ದಿನದ್ದೇ ನಡಿಗೆ. ನನಗೆ ಅಳು ಬಂತು, ಆ ಸಿಟ್ಟಿನಲ್ಲೂ.

"ನಂಗೊತ್ತಿತ್ತು" ಅಂದಳು ಸವಿತಾ. ಅವನು ನಿಂತ. ಅವಳು ನನ್ನ ಕೈ ತೋರಿಸಿದಳು. "ಸೊಸೆ ಹುಳ ಮುಟ್ಟೋ ಹಂಗಿಲ್ಲ ಅಂತ ಏಳ್ತಾ ಏಳ್ತಾನೇ ಅಕ್ಕ ಊರ್ ತಿರುವಲ್ಲಿ ಊವ ಬಿಚ್ಚುದ್ರು. ಮದ್ವೆಯಾಗಿ ಇಷ್ಟು ವರ್ಷ ಆಗಿರೋರ್ಗೇ ಇಂಗಿದ್ರೆ, ಮನೇಲಿರೋರು ಮುಟ್ಟದೆ ಇರ್ತಾರಾ?"

ನೋಡಿಕೊಂಡೆ. ನನ್ನ ಮುಷ್ಟಿಯಲ್ಲಿ ಮಲ್ಲಿಗೆ ಹಿಂಡಿಹೋಗಿತ್ತು. ಯಾವಾಗ ಬಿಚ್ಚಿದೆನೋ ದೇವರಾಣೆಗೂ ಗೊತ್ತಿಲ್ಲ.

ಅವಳು ತನ್ನ ಜಡೆಯಿಂದ ಹೂ ತೆಗೆದಳು. "ಏಯ್ ಸವಿತಾ!" ಎಂದು ಪುಟ್ಟತಾಯಮ್ಮ ಕೂಗಿದರು. "ವಾಪಸ್ ಓಗ್ವಾಗ ಮುಡ್ಕತೀನಿ ಬುಡತ್ತೆ" ಎನ್ನುತ್ತ ಅವಳು ಹೊಂಗೆ ಮರದ ಹತ್ತಿರ ಹೋದಳು. ಅಲ್ಲಿ ಎರಡು ಮೊಳೆ. ಒಂದರಲ್ಲಿ ಅವ್ವನ ಒಣ ಕನಕಾಂಬರ. ಇನ್ನೊಂದು ಖಾಲಿ. ಅವಳು ಖಾಲಿ ಮೊಳೆಗೆ ಕೈ ಚಾಚಿದಳು.

"ಅದು ಬ್ಯಾಡ ಕಣ್ ಕೂಸೆ" ಅಂದ ಅಪ್ಪ. "ಅದು ನಮ್ ರಾಜಿದು."

ರಾಜಿ ಎಂದರೆ ನಾನೇ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಒಲಿದು ಬಂದ ಹೆಣ್ಣನ್ನು ಒಂದು ಮೊಳೆಗೋಸ್ಕರ ತಡೆಯುವ ಮನುಷ್ಯನಿಗೆ ಏನು ಹೇಳುವುದು? "ಅಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಮನಿರು" ಅಂದೆ. ಅವನು ಸುಮ್ಮನಿರಲಿಲ್ಲ. ಬಕೆಟ್ ಇಟ್ಟು ಕೊಟ್ಟಿಗೆಗೆ ಹೋದ. ಹುಳದ ಮನೆಯಲ್ಲಿ ಹಣ್ಣಾದವು ತಲೆ ಆಡಿಸುತ್ತ ಕಾಯುತ್ತಿದ್ದರೂ ಸುತ್ತಿಗೆ ಹುಡುಕಿ, ಡಬ್ಬಿಯಲ್ಲಿ ತುಕ್ಕಿಲ್ಲದ ಮೊಳೆ ಆರಿಸಿ ತಂದ. ಸವಿತಾಳಿಗೆ ಕೈ ಎತ್ತಿ ತೋರಿಸಲು ಹೇಳಿ, ಅವಳ ಕೈ ಎಟುಕುವ ಎತ್ತರ ನೋಡಿ ಹೊಡೆದ.

"ಇದು ನಿಂದು."

ಹುಡುಗಿಯ ಅಪ್ಪ ಆಗ ನಕ್ಕರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಬ್ಲೀಚಿಂಗ್ ನೀರಿಗೆ ಕಾಲಿಟ್ಟರು. ಮನೆ ನೋಡಲು ಬಂದವರು ಮನೆ ನೋಡಲೇ ಇಲ್ಲ, ಊಟದ ಹೊತ್ತಿನವರೆಗೆ ಹುಳ ಆಯ್ದರು. ಪುಟ್ಟತಾಯಮ್ಮ ಮಾತ್ರ ಹೂ ತೆಗೆಯಲಿಲ್ಲ. ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಅವ್ವ ಕಾಫಿಯನ್ನೂ ಒಗ್ಗರಣೆ ಇಲ್ಲದ ಸಾರನ್ನೂ ಅಲ್ಲಿಗೇ ತಂದುಕೊಟ್ಟಳು. ಮದುವೆ ಚೆನ್ನಾಗಿಯೇ ಆಯಿತು. ಆದರೂ ಇವತ್ತಿಗೂ ಕೊಳ್ಳೇಗಾಲದ ಬೀದಿಯಲ್ಲಿ ನನ್ನನ್ನು ಕಂಡರೆ ಪುಟ್ಟತಾಯಮ್ಮನ ಕೈ ಮೊದಲು ಜಡೆ ಮುಟ್ಟಿ ನೋಡಿಕೊಳ್ಳುತ್ತದೆ.

ಈ ಮನೆಗೆ ಕಾಲಿಡುವುದಿಲ್ಲ ಅಂದಿದ್ದೆನಲ್ಲ, ಎಷ್ಟೋ ಸಲ ಇಟ್ಟಾಯಿತು. ಹೋದ ತಿಂಗಳೂ ಹೋಗಿದ್ದೆ, ಸಿಟ್ಟು ಮಾಡಿಕೊಂಡೇ. ಹನೂರಿನಲ್ಲಿ ಒಂದು ನಾಮಕರಣ ಮುಗಿಸಿ, ಬೆಟ್ಟದ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದಿದ್ದೆ. ಬರುತ್ತೇನೆಂದು ಎರಡು ದಿನ ಮುಂಚೆ ಹೇಳಿದ್ದರೂ ಸ್ಟಾಪಿಗೆ ಯಾರೂ ಬಂದಿರಲಿಲ್ಲ. ಗೇಟಿನಲ್ಲಿ ಸವಿತಾ ಬಕೆಟ್ ಹಿಡಿದು ನಿಂತಿದ್ದಳು. "ಬನ್ನಿ ಅತ್ಗೆ. ಕಾಲು" ಅಂದಳು. ಈ ಹುಡುಗಿಯನ್ನು ಈ ಮನೆಗೆ ತರಲು ನಾನು ಎಷ್ಟು ಸುಳ್ಳು ಹೇಳಿದ್ದೆ!

ಕಾಲು ಅದ್ದಿ, ಹೂ ಬಿಚ್ಚಿ, ಮೊಳೆಗೆ ಸಿಕ್ಕಿಸಲು ಹೋದವಳು ಹಾಗೇ ನಿಂತೆ. ನನ್ನ ಮೊಳೆ ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ತೊಗಟೆ ಗಂಟು ಗಂಟಾಗಿ ಉಬ್ಬಿತ್ತು.

"ನಿಮ್ದು ಹೋದ್ವಾರ ಹೊಸದು ಹೊಡುದ್ರು ಮಾವ" ಅಂದಳು ಸವಿತಾ. "ಹಳೇದ ಮರ ನುಂಗ್ತಾ ಬಂದಿತ್ತು. ನೀವು ಮದ್ವೆಯಾಗಿ ಹೋದ್ಮೇಲೆ ಇದು ನಾಲ್ಕನೇದಂತೆ, ಅತ್ತೆ ಏಳ್ತಿದ್ರು. ನುಂಗ್ದಾಗೆಲ್ಲ ಹೊಡಿತಾರಂತೆ."

ನಾನು ತವರಿಗೆ ಬರುವುದು ವರ್ಷಕ್ಕೆ ಮೂರು ಸಲ, ಹೆಚ್ಚೆಂದರೆ ನಾಲ್ಕು. ಎಂಟು ವರ್ಷದ ಕೂಸಿಗೆಂದು ಹೊಡೆದ ಮೊಳೆಯೇ ಅದು ಎಂದುಕೊಂಡು ಇಷ್ಟು ಕಾಲ ಅದಕ್ಕೆ ಹೂ ಸಿಕ್ಕಿಸುತ್ತ ಬಂದಿದ್ದೆ. ಒಂದು ದಿನವೂ ದಿಟ್ಟಿಸಿ ನೋಡಿರಲಿಲ್ಲ. ಅಜ್ಜಿಯ ಮೊಳೆಯನ್ನು ಮರ ನುಂಗಿದ್ದು ಗೊತ್ತಿದ್ದೂ ನನ್ನದನ್ನು ಯಾಕೆ ನುಂಗಲಿಲ್ಲ ಎಂದು ಯೋಚಿಸಿರಲಿಲ್ಲ. ಗಣಿತ ಪರೀಕ್ಷೆಯ ಹುಡುಗಿ ನಾನು, ಲೆಕ್ಕ ತಪ್ಪಿದ್ದೆ.

ಅಪ್ಪನಿಗೆ ಏನಾದರೂ ಹೇಳಬೇಕು, ಇವತ್ತು ಹೇಳಿಯೇ ಬಿಡಬೇಕು ಎಂದು ಹುಳದ ಮನೆಯ ಬಾಗಿಲಿಗೆ ಹೋದೆ. ಅವನು ಬೆನ್ನು ಹಾಕಿಕೊಂಡು ಸೊಪ್ಪು ಹರಡುತ್ತಿದ್ದ. "ಅಪ್ಪ" ಅಂದೆ. ಅವನು ತಿರುಗಲಿಲ್ಲ, ಮೂಗೆಳೆದ.

"ಪೌಡ್ರು ಆಕ್ಕಂಡ್ ಬಂದಿದ್ದೀಯೇನವ್ವ? ಆಚೆ ನಿಂತ್ಕ."

ಆಚೆ ನಿಂತುಕೊಂಡೆ.